ಗಾಡಿ ಸ್ಪೇರ್ಸ್ ಮತ್ತು ಟೂಲ್ಸ್ ಎಲ್ಲಿ, ಹೇಗೆ ಕೊಳ್ಳುವುದು: ಪದೇ ಪದೇ ಕೇಳುವ ಪ್ರಶ್ನೆಗಳು

ಬೈಕು, ಸ್ಕೂಟರು, ಕಾರಿಗೆ ಬೇಕಾದ ಪಾರ್ಟ್ ತಾವೇ ತಂದು ಮೆಕ್ಯಾನಿಕ್ ಕೈಗೆ ಕೊಡುವವರಿಗೆ, ಸಣ್ಣಪುಟ್ಟ ಕೆಲಸ ಮನೆ ಮುಂದೆಯೇ ಮಾಡಿಕೊಳ್ಳುವವರಿಗೆ ಈ ಪುಟ. ಹೆಚ್ಚಿನ ಮಾತು ಬೆಂಗಳೂರಿನ ಮಾರುಕಟ್ಟೆಯದು. ಪಾರ್ಟ್‌ಗಳ ಬೆಲೆ ಇಲ್ಲಿ ಬರೆದಿಲ್ಲ, ಅದು ತಿಂಗಳಿಗೊಮ್ಮೆ ಬದಲಾಗುತ್ತದೆ. ನಂಬರು, ಅಳತೆ, ಗುರುತುಗಳು ಅಷ್ಟು ಬೇಗ ಬದಲಾಗುವುದಿಲ್ಲ, ಅವನ್ನು ಬರೆದಿದೆ.

ಬೆಂಗಳೂರಿನಲ್ಲಿ ಯಾವ ಸಾಮಾನಿಗೆ ಯಾವ ರಸ್ತೆ?

ಹೊಸ ಪಾರ್ಟ್ ಬೇಕಿದ್ದರೆ ಜೆ.ಸಿ. ರಸ್ತೆ. ಟೌನ್‌ಹಾಲ್ ಕಡೆಯಿಂದ ಮಿನರ್ವ ಸರ್ಕಲ್‌ವರೆಗೆ ರಸ್ತೆಯ ಎರಡೂ ಬದಿ, ಒಳಗಿನ ಅಡ್ಡರಸ್ತೆಗಳಲ್ಲಿ ಸ್ಪೇರ್ಸ್ ಅಂಗಡಿಗಳಿವೆ. ಒಂದೊಂದು ಅಂಗಡಿಗೆ ಒಂದೊಂದು ಕಸುಬು: ಮಾರುತಿ ಪಾರ್ಟ್ ಮಾತ್ರ ಇಡುವವರು ಬೇರೆ, ಕ್ಲಚ್‌ನವರು ಬೇರೆ, ಗಾಜಿನವರು ಬೇರೆ. ಮೊದಲ ಅಂಗಡಿಯಲ್ಲಿ ಇಲ್ಲ ಅಂದರೆ ಬೇಸರ ಮಾಡಿಕೊಳ್ಳದೆ ‘ಯಾರ ಹತ್ರ ಸಿಗುತ್ತೆ ಸರ್’ ಅಂತ ಅಲ್ಲೇ ಕೇಳಿ, ಸಾಮಾನ್ಯವಾಗಿ ಸರಿಯಾದ ಅಂಗಡಿಯನ್ನೇ ತೋರಿಸುತ್ತಾರೆ. ಫುಟ್‌ಪಾತ್ ಮೇಲೆ ನಿಂತು ‘ಸೀಟ್ ಕವರಾ ಸಾರ್, ಸನ್ ಫಿಲ್ಮಾ ಸಾರ್’ ಅಂತ ಕರೆಯುವವರ ಹಿಂದೆ ಮಾತ್ರ ಹೋಗಬೇಡಿ. ಅವರ ಕಮಿಷನ್ ನಿಮ್ಮ ಬಿಲ್ಲಿನಲ್ಲೇ ಸೇರಿರುತ್ತದೆ.

ಸ್ಪ್ಯಾನರ್, ಬೇರಿಂಗ್, ನಟ್ಟು ಬೋಲ್ಟು, ಡ್ರಿಲ್ ಬಿಟ್ಟು, ಜಾಕ್ ಇವಕ್ಕೆಲ್ಲ ಎಸ್.ಜೆ.ಪಿ. ರಸ್ತೆ. ಮಲ್ಟಿಮೀಟರ್, ವೈರು, ಕನೆಕ್ಟರ್, ರಿಲೇ, ಸೋಲ್ಡರಿಂಗ್ ಸಾಮಾನಿಗೆ ಎಸ್.ಪಿ. ರಸ್ತೆ. ಹೆಸರು ಹತ್ತಿರ ಹತ್ತಿರ ಇರುವುದರಿಂದ ಆಟೋದವರೂ ಗಲಿಬಿಲಿ ಮಾಡಿಕೊಳ್ಳುತ್ತಾರೆ. ಮೊದಲನೆಯದು ಸಿಲ್ವರ್ ಜ್ಯುಬಿಲಿ ಪಾರ್ಕ್ ರಸ್ತೆ, ಎರಡನೆಯದು ಪತ್ರಪ್ಪನವರ ಹೆಸರಿನದು. ಹಳೆ ಪಾರ್ಟ್‌ಗೆ ಶಿವಾಜಿನಗರದ ಗುಜರಿ. ಅದರ ವಿಚಾರ ಕೆಳಗೆ ಬೇರೆಯಾಗಿ ಇದೆ.

ಗಾಡಿ ತೆಗೆದುಕೊಂಡು ಹೋಗಬೇಡಿ, ನಿಲ್ಲಿಸಲು ಜಾಗ ಸಿಗುವುದಿಲ್ಲ. ಮೆಟ್ರೊ ಹಸಿರು ಮಾರ್ಗದಲ್ಲಿ ಕೆ.ಆರ್. ಮಾರ್ಕೆಟ್ ನಿಲ್ದಾಣದಲ್ಲಿ ಇಳಿದರೆ ಎಸ್.ಜೆ.ಪಿ. ರಸ್ತೆ ಪಕ್ಕದಲ್ಲೇ, ಜೆ.ಸಿ. ರಸ್ತೆ ನಡೆಯುವಷ್ಟು ದೂರ. ಭಾನುವಾರ ಬಹುತೇಕ ಅಂಗಡಿ ಬಾಗಿಲು ಹಾಕಿರುತ್ತವೆ. ಬೆಳಿಗ್ಗೆ 11ರ ನಂತರ ಹೋಗಿ, ಸಂಜೆ 5ರ ನಂತರ ಬೇಡ. ಆ ಹೊತ್ತಿಗೆ ಗ್ಯಾರೇಜಿನವರ ಆರ್ಡರ್ ಕಟ್ಟುವ ಗದ್ದಲದಲ್ಲಿ ಒಂದು ಪಾರ್ಟ್ ಕೇಳುವವರ ಮಾತು ಯಾರಿಗೂ ಕೇಳಿಸುವುದಿಲ್ಲ.

ಅಂಗಡಿಗೆ ಹೋಗುವ ಮೊದಲು ಏನು ಬರೆದುಕೊಂಡಿರಬೇಕು?

ಪಾರ್ಟ್ ನಂಬರ್. ಇದೊಂದು ಕೈಯಲ್ಲಿದ್ದರೆ ಅರ್ಧ ಚೌಕಾಸಿ ಮುಗಿದ ಹಾಗೆ. ‘ಆಕ್ಟಿವಾ ಏರ್ ಫಿಲ್ಟರ್ ಕೊಡಿ’ ಅಂದರೆ ಅಂಗಡಿಯವರು ‘ಯಾವ ಆಕ್ಟಿವಾ, ಯಾವ ವರ್ಷ’ ಅನ್ನುತ್ತಾರೆ. ನೀವು ತಡವರಿಸಿದರೆ ಅವರ ಹತ್ತಿರ ಇರುವ ಡಬ್ಬಿಯೇ ನಿಮ್ಮ ಗಾಡಿಯದು ಆಗಿಬಿಡುತ್ತದೆ.

ನಂಬರ್ ಸಿಗುವ ಜಾಗಗಳು: ಬಿಚ್ಚಿದ ಹಳೆ ಪಾರ್ಟ್ ಮೇಲಿನ ಅಚ್ಚು, ಹಿಂದಿನ ಸರ್ವೀಸ್ ಬಿಲ್ಲು (ಷೋರೂಂ ಬಿಲ್ಲಿನಲ್ಲಿ ಪ್ರತಿ ಪಾರ್ಟ್‌ನ ನಂಬರ್ ಮುದ್ರಿಸಿರುತ್ತಾರೆ, ಬಿಸಾಡಬೇಡಿ), ಕಂಪನಿಯ ಪಾರ್ಟ್ಸ್ ಕ್ಯಾಟಲಾಗ್. ಹೋಂಡಾ ನಂಬರನ್ನು ಓದುವುದು ಸುಲಭ. ಮೊದಲ ಐದು ಅಂಕಿ ಪಾರ್ಟ್ ಯಾವುದು ಎಂದು ಹೇಳುತ್ತವೆ: 17220 ಅಂದರೆ ಕಾರಿನ ಏರ್ ಫಿಲ್ಟರ್, 15400 ಅಂದರೆ ಕಾರಿನ ಆಯಿಲ್ ಫಿಲ್ಟರ್. ನಡುವಿನ ಮೂರು ಅಕ್ಷರ ಮಾಡೆಲ್ ಕೋಡ್. ಮೊದಲ ಐದು ಸರಿ ಇದ್ದು ನಡುವಿನ ಮೂರು ಬೇರೆ ಇದ್ದರೆ ಅದು ಬೇರೆ ಗಾಡಿಯ ಫಿಲ್ಟರ್. ಕೂರುವಂತೆ ಕಂಡರೂ ಅಂಚಿನಲ್ಲಿ ಸಂದಿ ಬಿಟ್ಟು ದೂಳು ಎಂಜಿನ್‌ಗೆ ಹೋಗಬಹುದು.

ಕೆಲವೊಮ್ಮೆ ಕಂಪನಿ ಹಳೆ ನಂಬರ್ ನಿಲ್ಲಿಸಿ ಹೊಸ ನಂಬರ್ ಕೊಟ್ಟಿರುತ್ತದೆ. ಅಂಗಡಿಯವರು ‘ಈಗ ಈ ನಂಬರ್ ಬರ್ತಾ ಇದೆ’ ಅಂದರೆ ಸುಳ್ಳು ಅಂದುಕೊಳ್ಳಬೇಡಿ, ಕಂಪ್ಯೂಟರಿನಲ್ಲಿ ತೋರಿಸಲು ಕೇಳಿ. ಇದರ ಜೊತೆ ಆರ್‌ಸಿಯ ಫೋಟೊ, ಗಾಡಿ ತಯಾರಾದ ತಿಂಗಳು ಮತ್ತು ವರ್ಷ, 17 ಅಕ್ಷರದ ಚಾಸಿಸ್ ನಂಬರ್ ಫೋನಿನಲ್ಲಿರಲಿ. ಸಾಧ್ಯವಾದರೆ ಹಳೆ ಪಾರ್ಟನ್ನೇ ಚೀಲಕ್ಕೆ ಹಾಕಿಕೊಂಡು ಹೋಗಿ.

ಜೆನ್ಯುಯಿನ್, ಓಇಎಸ್, ಲೋಕಲ್, ಡೂಪ್ಲಿಕೇಟ್ ಎಂದರೆ ಏನೇನು?

ಗಾಡಿ ಕಂಪನಿಯ ಹೆಸರಿನ ಡಬ್ಬಿಯಲ್ಲಿ ಬರುವುದು ಜೆನ್ಯುಯಿನ್: ಮಾರುತಿಯ ಎಂಜಿಪಿ, ಹ್ಯುಂಡೈಗೆ ಮೋಬಿಸ್ ಹೀಗೆ. ಆದರೆ ಗಾಡಿ ಕಂಪನಿ ಎಲ್ಲ ಪಾರ್ಟ್ ತಾನೇ ಮಾಡುವುದಿಲ್ಲ. ಪ್ಲಗ್, ಕ್ಲಚ್, ಶಾಕ್ ಅಬ್ಸಾರ್ಬರ್, ಬೇರಿಂಗ್ ಎಲ್ಲ ಬೇರೆಯವರಿಂದ ತರಿಸುತ್ತದೆ. ಅದೇ ತಯಾರಕರು ತಮ್ಮ ಹೆಸರಿನಲ್ಲೂ ಮಾರುತ್ತಾರೆ, ಅದು ಓಇಎಸ್ (ಒರಿಜಿನಲ್ ಎಕ್ವಿಪ್‌ಮೆಂಟ್ ಸಪ್ಲೈಯರ್). ಕ್ಲಚ್‌ಗೆ ವ್ಯಾಲಿಯೋ, ಲೂಕ್, ಎಕ್ಸೆಡಿ, ಶಾಕ್‌ಗೆ ಗೇಬ್ರಿಯಲ್, ಎಂಡ್ಯೂರೆನ್ಸ್, ಬೆಲ್ಟ್‌ಗೆ ಗೇಟ್ಸ್, ಚೈನಿಗೆ ರೋಲಾನ್, ಡೈಮಂಡ್, ಬ್ರೇಕ್ ಲೈನಿಂಗ್‌ಗೆ ರಾಣೆ, ಎಲೆಕ್ಟ್ರಿಕಲ್‌ಗೆ ಲ್ಯೂಕಾಸ್ ಟಿವಿಎಸ್, ಬಾಷ್. ಹಳೆ ಮೆಕ್ಯಾನಿಕ್‌ಗಳು ಈಗಲೂ ‘ಮೈಕೋ ಪ್ಲಗ್’ ಅನ್ನುತ್ತಾರೆ. ಆಡುಗೋಡಿಯ ಮೈಕೋ 2008ರಲ್ಲಿ ಬಾಷ್ ಲಿಮಿಟೆಡ್ ಆಯಿತು, ಬಾಯಲ್ಲಿ ಹೆಸರು ಉಳಿದುಕೊಂಡಿದೆ.

ಲೋಕಲ್ ಎಂದರೆ ತನ್ನದೇ ಹೆಸರಿನಲ್ಲಿ ಅಗ್ಗಕ್ಕೆ ಮಾರುವ ಮಾಲು. ಚೆನ್ನಾಗಿಯೂ ಇರಬಹುದು, ಹಾಳೂ ಇರಬಹುದು, ಕಾನೂನು ಪ್ರಕಾರ ತಪ್ಪೇನಿಲ್ಲ. ಡೂಪ್ಲಿಕೇಟ್ ಮಾತ್ರ ಬೇರೆಯವರ ಹೆಸರು ಕದ್ದದ್ದು. ಅಂಗಡಿಯವರು ‘ಫಸ್ಟ್ ಕಾಪಿ’ ಅಂದರೆ ಅದೂ ಡೂಪ್ಲಿಕೇಟೇ. ಇದ್ದುದರಲ್ಲಿ ‘ಲೋಕಲ್ ಇದೆ ಸಾರ್, ಗ್ಯಾರಂಟಿ ಇಲ್ಲ’ ಅನ್ನುವವರೇ ವಾಸಿ.

ದುಡ್ಡು ಉಳಿಯುವುದು ಹೆಚ್ಚಾಗಿ ಓಇಎಸ್‌ನಲ್ಲಿ. ಒಂದೇ ಕಾರ್ಖಾನೆಯ ಮಾಲು, ಗಾಡಿ ಕಂಪನಿಯ ಡಬ್ಬಿಯ ಲಾಭ ಅದರಲ್ಲಿ ಸೇರಿರುವುದಿಲ್ಲ.

ಯಾವುದರಲ್ಲಿ ಉಳಿಸಬಹುದು, ಯಾವುದರಲ್ಲಿ ಉಳಿಸಬಾರದು?

ಕನ್ನಡಿ, ಫುಟ್‌ರೆಸ್ಟ್ ರಬ್ಬರ್, ಹ್ಯಾಂಡಲ್ ಗ್ರಿಪ್, ಮಡ್‌ಫ್ಲ್ಯಾಪ್, ನಂಬರ್ ಪ್ಲೇಟ್ ಫ್ರೇಮ್, ವೈಪರ್ ಬ್ಲೇಡ್, ಕ್ಯಾಬಿನ್ ಫಿಲ್ಟರ್, ಬಂಪರ್ ಕ್ಲಿಪ್ಪು ಇಂಥವು ಲೋಕಲ್ ಆದರೂ ನಡೆಯುತ್ತದೆ. ಕೆಟ್ಟರೆ ಇನ್ನೊಂದು ಹಾಕಿದರಾಯಿತು.

ಬ್ರೇಕ್ ಪ್ಯಾಡು, ಶೂ, ಬ್ರೇಕ್ ಹೋಸು, ಮಾಸ್ಟರ್ ಸಿಲಿಂಡರ್ ಕಿಟ್, ಬಾಲ್ ಜಾಯಿಂಟು, ಟೈ ರಾಡ್ ಎಂಡು, ವೀಲ್ ಬೇರಿಂಗು, ಟೈಮಿಂಗ್ ಬೆಲ್ಟು ಮತ್ತು ಅದರ ಟೆನ್ಷನರು ಇವುಗಳಲ್ಲಿ ಜೆನ್ಯುಯಿನ್ ಅಥವಾ ಓಇಎಸ್ ಬಿಟ್ಟು ಬೇರೆ ಬೇಡ. ಟೈಮಿಂಗ್ ಬೆಲ್ಟ್ ಹರಿದರೆ ಹಲವು ಎಂಜಿನ್‌ಗಳಲ್ಲಿ ಪಿಸ್ಟನ್ ವಾಲ್ವಿಗೆ ಬಡಿದು ಹೆಡ್ ಬಿಚ್ಚಬೇಕಾಗುತ್ತದೆ.

ಚೈನ್ ಸ್ಪ್ರಾಕೆಟ್‌ನಲ್ಲಿ ಉಳಿತಾಯ ಮಾಡಲು ಹೋಗಿ ಚೈನ್ ಒಂದನ್ನೇ ಬದಲಿಸುವವರಿದ್ದಾರೆ. ಸವೆದ ಹಲ್ಲಿನ ಮೇಲೆ ಹೊಸ ಚೈನ್ ಕೂರುವುದಿಲ್ಲ, ಬೇಗ ಎಳೆದುಕೊಂಡು ಸಡಿಲವಾಗುತ್ತದೆ. ಚೈನು, ಮುಂದಿನ ಸ್ಪ್ರಾಕೆಟ್, ಹಿಂದಿನ ಸ್ಪ್ರಾಕೆಟ್ ಮೂರೂ ಸೇರಿದ ಕಿಟ್ಟೇ ತನ್ನಿ.

ಬೇರಿಂಗ್, ಆಯಿಲ್ ಸೀಲ್ ಗಾಡಿ ಕಂಪನಿಯದೇ ಬೇಕಾ?

ಬೇಕಿಲ್ಲ. ಬೇರಿಂಗ್‌ನ ಅಳತೆ ಜಗತ್ತಿಗೆಲ್ಲ ಒಂದೇ. ಹಳೆ ಬೇರಿಂಗ್ ಒರೆಸಿ ಅಂಚಿನಲ್ಲಿ ನೋಡಿ: 6301, 6202, 6204 ತರಹದ ನಂಬರ್ ಕೊರೆದಿರುತ್ತದೆ. 6301 ಅಂದರೆ ಒಳ ವ್ಯಾಸ 12 ಮಿ.ಮೀ., ಹೊರ ವ್ಯಾಸ 37, ದಪ್ಪ 12. 6202 ಅಂದರೆ 15, 35, 11. ಕೊನೆಯ ಎರಡು ಅಂಕಿ 04 ಅಥವಾ ಅದಕ್ಕಿಂತ ಹೆಚ್ಚಿದ್ದರೆ ಐದರಿಂದ ಗುಣಿಸಿ, ಒಳ ವ್ಯಾಸ ಸಿಗುತ್ತದೆ: 6204ಕ್ಕೆ 20 ಮಿ.ಮೀ. ಅದಕ್ಕಿಂತ ಕಡಿಮೆ ಇದ್ದರೆ 00ಕ್ಕೆ 10, 01ಕ್ಕೆ 12, 02ಕ್ಕೆ 15, 03ಕ್ಕೆ 17.

ನಂಬರಿನ ನಂತರ ಬರುವ ಅಕ್ಷರಗಳನ್ನೂ ಬರೆದುಕೊಳ್ಳಿ. 2ಆರ್‌ಎಸ್ ಅಂದರೆ ಎರಡೂ ಕಡೆ ರಬ್ಬರ್ ಮುಚ್ಚಳ, ಝಡ್‌ಝಡ್ ಅಂದರೆ ಎರಡೂ ಕಡೆ ತಗಡು. ನೀರು, ಕೆಸರು ತಾಗುವ ಚಕ್ರಕ್ಕೆ ರಬ್ಬರಿನದೇ ಇರಲಿ. ಸಿ3 ಎಂದಿದ್ದರೆ ಒಳಗೆ ಗುಂಡುಗಳಿಗೆ ಸ್ವಲ್ಪ ಹೆಚ್ಚು ಸಡಿಲ ಕೊಟ್ಟಿದ್ದಾರೆ ಎಂದರ್ಥ. ಬಿಸಿಯಾಗುವ ಜಾಗದಲ್ಲಿ ಅದು ಬೇಕೆಂದೇ ಕೊಟ್ಟಿರುತ್ತಾರೆ, ಸಿ3 ಇಲ್ಲದ್ದನ್ನು ಹಾಕಿದರೆ ಬಿಗಿದು ಹಾಳಾಗುತ್ತದೆ. ಈ ನಂಬರ್ ಹಿಡಿದು ಎಸ್.ಜೆ.ಪಿ. ರಸ್ತೆಯ ಬೇರಿಂಗ್ ಅಂಗಡಿಗೆ ಹೋದರೆ ಎಸ್‌ಕೆಎಫ್, ಎನ್‌ಬಿಸಿ, ಎನ್‌ಎಸ್‌ಕೆ ಯಾವುದು ಬೇಕೋ ತೆಗೆದು ಮುಂದಿಡುತ್ತಾರೆ. ಬೇರಿಂಗ್‌ನಲ್ಲಿ ಡೂಪ್ಲಿಕೇಟ್ ಹಾವಳಿ ಜಾಸ್ತಿ, ಆದ್ದರಿಂದ ಆ ಕಂಪನಿಯ ಅಧಿಕೃತ ವಿತರಕರ ಬೋರ್ಡ್ ಇರುವ ಅಂಗಡಿಯಲ್ಲೇ ಬಿಲ್ಲಿನ ಮೇಲೆ ತೆಗೆದುಕೊಳ್ಳಿ.

ಚಕ್ರದೊಳಗೆ ಹೊಸದನ್ನು ಕೂರಿಸುವಾಗ ಹೊರ ರಿಂಗಿನ ಮೇಲೆ ಮಾತ್ರ ಒತ್ತಡ ಬೀಳಬೇಕು. ಒಳ ರಿಂಗಿಗೆ ಸುತ್ತಿಗೆ ಪೆಟ್ಟು ಬಿದ್ದರೆ ಗುಂಡು ಓಡುವ ದಾರಿಯಲ್ಲಿ ಚಿಕ್ಕ ಗುಳಿ ಬಿದ್ದು, ಕೆಲವೇ ದಿನದಲ್ಲಿ ‘ಗುಂಯ್’ ಎನ್ನಲು ಶುರುವಾಗುತ್ತದೆ. ಆಮೇಲೆ ಮಾಲು ಸರಿ ಇಲ್ಲ ಅಂತ ಅಂಗಡಿಯವರ ಮೇಲೆ ಜಗಳ. ಹಳೆ ಬೇರಿಂಗನ್ನೇ ಮೇಲಿಟ್ಟು ಹೊಡೆದರೂ ಸಾಕು.

ಆಯಿಲ್ ಸೀಲ್ ಕೂಡ ಹೀಗೇ. ಮೇಲೆ 20-32-6 ಎಂದಿದ್ದರೆ ಒಳ ವ್ಯಾಸ, ಹೊರ ವ್ಯಾಸ, ದಪ್ಪ. ಬೈಕಿನ ಮುಂದಿನ ಶಾಕಿನ ಫೋರ್ಕ್ ಸೀಲ್ ಮಾತ್ರ ಗಾಡಿಗೆ ತಕ್ಕದ್ದೇ ಬೇಕು, ಅದರ ತುಟಿಯ ವಿನ್ಯಾಸ ಬೇರೆ.

ಬೋಲ್ಟು ಹಾರ್ಡ್‌ವೇರ್ ಅಂಗಡಿಯಲ್ಲಿ ತೆಗೆದುಕೊಂಡರೆ ಆಗುತ್ತಾ?

ಎಂ6 ಮತ್ತು ಎಂ8 (6 ಮತ್ತು 8 ಮಿ.ಮೀ. ದಪ್ಪದ ಬೋಲ್ಟು) ಸಾಮಾನ್ಯವಾಗಿ ಹೊಂದುತ್ತವೆ, ಅವುಗಳ ಪಿಚ್, ಅಂದರೆ ಥ್ರೆಡ್‌ನಿಂದ ಥ್ರೆಡ್‌ಗೆ ಅಂತರ, 1.0 ಮತ್ತು 1.25 ಮಿ.ಮೀ. ಎಡವಟ್ಟಾಗುವುದು ಎಂ10ರಲ್ಲಿ. ಹಾರ್ಡ್‌ವೇರ್ ಅಂಗಡಿಯ ಎಂ10 ಪಿಚ್ 1.5, ಗಾಡಿಯಲ್ಲಿ ಹೆಚ್ಚಾಗಿ 1.25. ಎರಡು ಸುತ್ತು ಕೈಯಲ್ಲಿ ಹೋಗುತ್ತದೆ, ಮೂರನೆಯದಕ್ಕೆ ಬಿಗಿಯುತ್ತದೆ. ಅಲ್ಲಿ ಸ್ಪ್ಯಾನರ್ ಹಾಕಿ ತಿರುಗಿಸಿದರೆ ಅಲ್ಯುಮಿನಿಯಂ ಥ್ರೆಡ್ ಪುಡಿಯಾಗಿ ಹೊರಬರುತ್ತದೆ. ಹಳೆ ಬೋಲ್ಟನ್ನು ಹೊಸದರ ಪಕ್ಕ ಹಿಡಿದು ಥ್ರೆಡ್ಡಿಗೆ ಥ್ರೆಡ್ ಕೂರಿಸಿ ನೋಡಿ. ಬೆಳಕು ಕಾಣದಂತೆ ಕೂತರೆ ಸರಿ.

ತಲೆಯ ಮೇಲೆ 8.8 ಅಥವಾ 10.9 ಎಂದು ಉಬ್ಬಿರಬೇಕು, ಅದು ಬೋಲ್ಟಿನ ಗಟ್ಟಿತನ. ನಂಬರ್ ಇಲ್ಲದ ಬೋಲ್ಟು ನಂಬರ್ ಪ್ಲೇಟಿಗೆ ಸಾಕು, ಬ್ರೇಕ್ ಕ್ಯಾಲಿಪರ್‌ಗೆ ಬೇಡ. ಅಂಗಡಿಯಲ್ಲಿ ‘ಹೈಟೆನ್ಸೈಲ್’ ಅಂತ ಕೇಳಿ.

ಡಬ್ಬಿ ನೋಡಿ ಡೂಪ್ಲಿಕೇಟ್ ಕಂಡುಹಿಡಿಯಬಹುದಾ?

ಡಬ್ಬಿಯೊಂದನ್ನೇ ನೋಡಿದರೆ ಸಾಲದು. ಹೋಲೋಗ್ರಾಂ, ಕ್ಯೂಆರ್ ಕೋಡ್ ಎರಡನ್ನೂ ನಕಲು ಮಾಡುತ್ತಾರೆ. ಸ್ಕ್ಯಾನ್ ಮಾಡಿದರೆ ಕಂಪನಿಯ ಸ್ವಂತ ವೆಬ್‌ಸೈಟ್ ವಿಳಾಸವೇ ತೆರೆಯುತ್ತದೆಯೇ ನೋಡಿ. ಎಂಆರ್‌ಪಿ, ತಯಾರಾದ ತಿಂಗಳು, ತಯಾರಕರ ವಿಳಾಸ, ಗ್ರಾಹಕರ ದೂರಿನ ಫೋನ್ ನಂಬರ್ ಇಲ್ಲದ ಡಬ್ಬಿಯನ್ನು ಮುಟ್ಟಲೇಬೇಡಿ. ಆಮೇಲೆ ಡಬ್ಬಿ ತೆರೆಸಿ ಮಾಲು ನೋಡಿ.

ಕಾರಿನ ಆಯಿಲ್ ಫಿಲ್ಟರ್: ಬಾಯಿ ಮೇಲೆ ಮಾಡಿ ಬೆಳಕಿಗೆ ಹಿಡಿಯಿರಿ. ನಡುವೆ ಥ್ರೆಡ್ ಇರುವ ದೊಡ್ಡ ತೂತು, ಸುತ್ತ ಸಣ್ಣ ತೂತುಗಳು. ಆ ಸಣ್ಣ ತೂತಿನೊಳಗೆ ರಬ್ಬರ್ ಹಾಳೆ ಕಾಣಬೇಕು, ಬೆಂಕಿಕಡ್ಡಿಯಿಂದ ಒತ್ತಿದರೆ ಬಾಗಿ ಮತ್ತೆ ಮುಚ್ಚಿಕೊಳ್ಳಬೇಕು. ಎಂಜಿನ್ ನಿಂತಾಗ ಫಿಲ್ಟರ್‌ನಲ್ಲಿರುವ ಆಯಿಲ್ ಕೆಳಗಿಳಿಯದಂತೆ ತಡೆಯುವುದು ಅದೇ. ಡೂಪ್ಲಿಕೇಟ್‌ನಲ್ಲಿ ಅದು ಇರುವುದೇ ಇಲ್ಲ, ಇದ್ದರೂ ಒಣಗಿದ ತೊಗಟೆಯಂತೆ ಇರುತ್ತದೆ. ಪರಿಣಾಮ: ಬೆಳಿಗ್ಗೆ ಸ್ಟಾರ್ಟ್ ಮಾಡಿದಾಗ ಮೊದಲ ಎರಡು ಮೂರು ಸೆಕೆಂಡ್ ಎಂಜಿನ್ ಒಣ ಕಟಕಟ ಸದ್ದು ಮಾಡುತ್ತದೆ, ಆಯಿಲ್ ದೀಪ ತಡವಾಗಿ ಆರುತ್ತದೆ.

ಸ್ಪಾರ್ಕ್ ಪ್ಲಗ್: ಪಿಂಗಾಣಿಯ ಮೇಲಿನ ಅಕ್ಷರ ಉಗುರಿನಿಂದ ಕೆರೆದರೆ ಹೋಗಬಾರದು. ಪಕ್ಕದ ಎಲೆಕ್ಟ್ರೋಡ್ ಸರಿಯಾಗಿ ನಡುವಿನ ತುದಿಯ ಮೇಲೆ ಬಾಗಿರಬೇಕು. ಥ್ರೆಡ್‌ನಲ್ಲಿ ಬೆರಳಿಗೆ ಚುಚ್ಚುವ ಮುಳ್ಳು ಇರಬಾರದು. ಎನ್‌ಜಿಕೆಯಲ್ಲಿ ನಂಬರಿನೊಳಗೆ ಆರ್ ಇದ್ದರೆ ರೆಸಿಸ್ಟರ್ ಪ್ಲಗ್. ಮಲ್ಟಿಮೀಟರ್‌ನಲ್ಲಿ ಮೇಲಿನ ತುದಿಯಿಂದ ನಡುವಿನ ಎಲೆಕ್ಟ್ರೋಡಿಗೆ ಸುಮಾರು 5 ಕಿಲೋ ಓಮ್ ತೋರಿಸಬೇಕು. ಆರ್ ಇದ್ದೂ ಸೊನ್ನೆ ತೋರಿಸಿದರೆ ವಾಪಸ್ ಕೊಡಿ.

ಬ್ರೇಕ್ ಪ್ಯಾಡ್: ಕಬ್ಬಿಣದ ತಟ್ಟೆಗೂ ಲೈನಿಂಗಿಗೂ ಸೇರುವ ಗೆರೆ ನೋಡಿ. ಅಲ್ಲಿ ಸಂದಿ, ಬಿರುಕು, ಮೂಲೆ ಉದುರಿರುವುದು ಕಂಡರೆ ಬೇಡ. ತಟ್ಟೆಯ ಅಂಚು ಒರಟಾಗಿ ಕತ್ತರಿಸಿದ್ದರೆ ಕ್ಯಾಲಿಪರ್‌ನಲ್ಲಿ ಸಿಕ್ಕಿಕೊಂಡು ಒಂದು ಪ್ಯಾಡ್ ಮಾತ್ರ ಸವೆಯುತ್ತದೆ.

ಏರ್ ಫಿಲ್ಟರ್‌ಗೆ ಸುಲಭದ ಲೆಕ್ಕ: ಹಳೆಯದರ ಮಡಿಕೆ ಎಣಿಸಿ, ಹೊಸದರದ್ದೂ ಎಣಿಸಿ.

ಎಂಜಿನ್ ಆಯಿಲ್ ಎಲ್ಲಿ ತೆಗೆದುಕೊಳ್ಳುವುದು?

ಪೆಟ್ರೋಲ್ ಬಂಕ್, ಷೋರೂಂ, ಇಲ್ಲವೇ ಕಂಪನಿಯ ವಿತರಕರು. ಬೈಕಿಗೆ ಡಬ್ಬಿಯ ಹಿಂದೆ ಜಾಸೋ (ಜಪಾನಿನ ಗುಣಮಟ್ಟದ ಗುರುತು) ಎಂಎ ಅಥವಾ ಎಂಎ2 ಎಂದಿರಬೇಕು, ಗೇರ್‌ಲೆಸ್ ಸ್ಕೂಟರಿಗೆ ಎಂಬಿ. ಬೈಕಿನ ಕ್ಲಚ್ ಆಯಿಲ್‌ನಲ್ಲೇ ಮುಳುಗಿರುತ್ತದೆ, ಎಂಬಿ ಆಯಿಲ್ ನುಣುಪು ಹೆಚ್ಚಾಗಿ ಕ್ಲಚ್ ಜಾರುತ್ತದೆ. ಆಗ ಕ್ಲಚ್ ಪ್ಲೇಟ್ ಹೋಗಿದೆ ಅಂತ ಬಿಲ್ ಮಾಡಿಸಿಕೊಂಡವರು ಎಷ್ಟೋ ಜನ. ಎಷ್ಟು ಆಯಿಲ್ ಎಂಬುದು ಮ್ಯಾನ್ಯುಯಲ್‌ನಲ್ಲಿದೆ. ಡ್ರೇನ್ ಮಾಡಿದಾಗಿನ ಪ್ರಮಾಣ, ಎಂಜಿನ್ ಬಿಚ್ಚಿದಾಗಿನ ಪ್ರಮಾಣ ಬೇರೆ ಬೇರೆ ಬರೆದಿರುತ್ತಾರೆ, ಮೊದಲನೆಯದೇ ನಿಮ್ಮ ಲೆಕ್ಕ.

ಬ್ರೇಕ್ ಆಯಿಲ್ ಚಿಕ್ಕ ಬಾಟಲಿಯೇ ತನ್ನಿ. ತೆರೆದಿಟ್ಟರೆ ಗಾಳಿಯ ತೇವ ಹೀರುತ್ತದೆ. ಡಾಟ್ 4 ದರ್ಜೆಯ ಬ್ರೇಕ್ ಆಯಿಲ್ ಹೊಸದಿದ್ದಾಗ ಕನಿಷ್ಠ 230 ಡಿಗ್ರಿವರೆಗೆ ಕುದಿಯಬಾರದು, ತೇವ ಸೇರಿದ ಮೇಲೆ ಆ ಮಿತಿ 155ಕ್ಕೆ ಇಳಿಯುತ್ತದೆ. ಘಾಟಿ ಇಳಿಯುವಾಗ ಬ್ರೇಕ್ ‘ಸ್ಪಂಜಿ’ ಆಗುವುದು ಇದರಿಂದಲೇ. ಗ್ಯಾರೇಜಿನಲ್ಲಿ ಮುಚ್ಚಳ ತೆರೆದು ತಿಂಗಳುಗಟ್ಟಲೆ ಇಟ್ಟ ಲೀಟರ್ ಬಾಟಲಿಯಿಂದ ಹಾಕಿಸಿಕೊಳ್ಳಬೇಡಿ.

ಹೆಡ್‌ಲೈಟ್‌ಗೆ ಹೆಚ್ಚು ವ್ಯಾಟ್ ಬಲ್ಬ್ ಹಾಕಬಹುದಾ?

ಬೇಡ. ಕಾರಿನ ಎಚ್4 ಬಲ್ಬ್ 60/55 ವ್ಯಾಟ್, ಹಲವು ಬೈಕಿನ ಎಚ್‌ಎಸ್1 35/35. ಅಂಗಡಿಯಲ್ಲಿ ಸಿಗುವ 100/90 ಹಾಕಿದರೆ ಹೋಲ್ಡರ್ ಕರಗುತ್ತದೆ, ರಿಫ್ಲೆಕ್ಟರ್ ಮಸುಕಾಗುತ್ತದೆ.

ಬ್ಯಾಟರಿ, ಟೈರ್ ಕೊಳ್ಳುವಾಗ ಏನು ನೋಡಬೇಕು?

ಟೈರಿನ ಬದಿಯಲ್ಲಿ ಉದ್ದನೆಯ ಮೊಟ್ಟೆಯಾಕಾರದ ಗೆರೆಯೊಳಗೆ ನಾಲ್ಕು ಅಂಕಿ ಇರುತ್ತವೆ. 2325 ಅಂದರೆ 2025ರ 23ನೇ ವಾರ. ವರ್ಷಕ್ಕಿಂತ ಹಳೆಯದಾದರೆ ಬೇರೆ ಕೇಳಿ, ಇಲ್ಲವೇ ಬೆಲೆ ಇಳಿಸಲು ಹೇಳಿ. ನಾಲ್ಕೂ ಟೈರಿನ ಅಂಕಿ ನೋಡಿ, ಮೂರು ಹೊಸದರ ನಡುವೆ ಒಂದು ಹಳೆಯದು ನುಸುಳಿರುತ್ತದೆ.

ಬ್ಯಾಟರಿಗೆ ಅಂಗಡಿಯಲ್ಲೇ ಮಲ್ಟಿಮೀಟರ್ ಹಿಡಿಸಿ. 12.6 ವೋಲ್ಟ್ ಆಸುಪಾಸು ಇರಬೇಕು, 12.4ಕ್ಕಿಂತ ಕಡಿಮೆ ಇದ್ದರೆ ಚಾರ್ಜ್ ಇಲ್ಲದೆ ಬಹಳ ದಿನ ಕೂತ ಮಾಲು. ವಾರಂಟಿ ‘24+24’ ಅಂದರೆ ನಾಲ್ಕು ವರ್ಷ ಉಚಿತ ಅಂತಲ್ಲ. ಮೊದಲ 24 ತಿಂಗಳು ಉಚಿತ ಬದಲಿ, ಮುಂದಿನ 24ರಲ್ಲಿ ಹೊಸದರ ಬೆಲೆಯಲ್ಲಿ ಸ್ವಲ್ಪ ರಿಯಾಯಿತಿ ಅಷ್ಟೇ. ಹಳೆ ಬ್ಯಾಟರಿ ಕೊಟ್ಟರೆ ಎಷ್ಟು ಕಳೆಯುತ್ತೀರಿ ಎಂದು ಮೊದಲೇ ಕೇಳಿ, ಸೀಸಕ್ಕೆ ಒಳ್ಳೆ ಬೆಲೆ ಇದೆ. ಎರಡು ಮೂರು ಅಂಗಡಿಯಲ್ಲಿ ಈ ಒಂದು ಮೊತ್ತವೇ ವ್ಯತ್ಯಾಸವಾಗುತ್ತದೆ.

ಗುಜರಿಯಲ್ಲಿ ಏನು ತೆಗೆದುಕೊಳ್ಳಬಹುದು?

ಬಾಗಿಲು, ಬಾನೆಟ್, ಬಂಪರ್, ಗಾಜು, ಟೈಲ್ ಲ್ಯಾಂಪ್, ಸೀಟು, ಡ್ಯಾಷ್‌ಬೋರ್ಡಿನ ಪ್ಲಾಸ್ಟಿಕ್, ಸ್ಟೀಲ್ ರಿಮ್ಮು ಇವಕ್ಕೆ ಶಿವಾಜಿನಗರದಂಥ ಜಾಗ ಇಲ್ಲ. ಕಂಪನಿ ನಿಲ್ಲಿಸಿಬಿಟ್ಟ ಮಾಡೆಲ್‌ಗಳಿಗೆ ಎಷ್ಟೋ ಸಲ ಇದೊಂದೇ ದಾರಿ. ಶುಕ್ರವಾರ ಮಧ್ಯಾಹ್ನ ನಮಾಜಿನ ಹೊತ್ತಿನಲ್ಲಿ ಹಲವು ಅಂಗಡಿ ಮುಚ್ಚಿರುತ್ತವೆ, ಆ ಹೊತ್ತು ತಪ್ಪಿಸಿ. ಮೊದಲು ಹೇಳುವ ಬೆಲೆಗೆ ಅರ್ಧದಿಂದ ಶುರು ಮಾಡಿದರೆ ಯಾರೂ ಬೇಜಾರು ಮಾಡಿಕೊಳ್ಳುವುದಿಲ್ಲ.

ಸ್ಟಾರ್ಟರ್ ಮೋಟರ್ ತೆಗೆದುಕೊಳ್ಳುವುದಾದರೆ ಬ್ಯಾಟರಿಗೆ ಕೊಟ್ಟು ತಿರುಗಿಸಿ ತೋರಿಸಲು ಹೇಳಿ. ಎಸಿ ಕಂಪ್ರೆಸರ್ ಆದರೆ ಪೈಪಿನ ಬಾಯಿಗೆ ಮುಚ್ಚಳ ಇದೆಯೇ ನೋಡಿ. ತೆರೆದು ಬಿದ್ದದ್ದರೊಳಗೆ ತೇವ, ದೂಳು ಹೋಗಿರುತ್ತದೆ. ಅಲಾಯ್ ವೀಲ್ ಒಳಬದಿಯ ಅಂಚನ್ನು ಬೆರಳಿನಿಂದ ಸವರಿ, ವೆಲ್ಡ್ ಮಾಡಿ ಉಜ್ಜಿ ಬಣ್ಣ ಹೊಡೆದದ್ದು ಕೈಗೆ ಉಬ್ಬಾಗಿ ಸಿಗುತ್ತದೆ.

ಇಸಿಯು (ಎಂಜಿನ್ ನಡೆಸುವ ಕಂಪ್ಯೂಟರ್) ಕೊಳ್ಳುವ ಮುನ್ನ ಯೋಚಿಸಿ. ಇಮ್ಮೊಬಿಲೈಸರ್ (ಬೇರೆ ಕೀಗೆ ಸ್ಟಾರ್ಟ್ ಆಗದಂತೆ ತಡೆಯುವ ವ್ಯವಸ್ಥೆ) ಇರುವ ಕಾರಿನಲ್ಲಿ ಇಸಿಯು, ಕೀ ಎರಡೂ ಒಂದನ್ನೊಂದು ಗುರುತಿಸಬೇಕು. ಇನ್ನೊಂದು ಕಾರಿನದನ್ನು ಹಾಕಿದರೆ ಸ್ಟಾರ್ಟೇ ಆಗದಿರಬಹುದು.

ಏರ್‌ಬ್ಯಾಗ್, ಸೀಟ್ ಬೆಲ್ಟ್, ಬ್ರೇಕ್ ಹೋಸು, ರಬ್ಬರ್ ಬುಷ್, ಬಾಲ್ ಜಾಯಿಂಟ್, ಹಳೆ ಟೈರು ಗುಜರಿಯಿಂದ ಬೇಡವೇ ಬೇಡ.

ಎಂಜಿನ್, ಚಾಸಿಸ್ ಸಂಬಂಧದ ಯಾವುದೇ ಭಾಗವಾದರೂ ನಂಬರ್ ಕೆರೆದಿದ್ದರೆ ಅಲ್ಲಿಂದ ಹೊರಟುಬಿಡಿ. ಕದ್ದ ಮಾಲು ಎಂದು ಗೊತ್ತಿದ್ದು, ಅಥವಾ ಗೊತ್ತಾಗಬೇಕಿದ್ದರೂ ಕೊಂಡರೆ ಭಾರತೀಯ ನ್ಯಾಯ ಸಂಹಿತೆಯ 317ನೇ ಸೆಕ್ಷನ್ ಅನ್ವಯಿಸುತ್ತದೆ. ಇಡೀ ಎಂಜಿನ್ ಬದಲಿಸಿದರೆ ಆರ್‌ಟಿಒದಲ್ಲಿ ಆರ್‌ಸಿಗೆ ಹೊಸ ನಂಬರ್ ಸೇರಿಸಬೇಕು, ಅದಕ್ಕೆ ಆ ಎಂಜಿನ್ ಎಲ್ಲಿಂದ ಬಂತು ಎನ್ನುವ ಕಾಗದ ಬೇಕು.

ಆನ್‌ಲೈನ್‌ನಲ್ಲಿ ತರಿಸುವುದು ಹೇಗೆ?

ಪಾರ್ಟ್ ನಂಬರ್ ಹಾಕಿ ಹುಡುಕಲು ಬೂಡ್‌ಮೋ ಎಂಬ ವೆಬ್‌ಸೈಟ್ ಅನುಕೂಲ; ಒಂದೇ ನಂಬರಿಗೆ ಜೆನ್ಯುಯಿನ್, ಬೇರೆ ಕಂಪನಿಯದು ಎಲ್ಲವನ್ನೂ ಬೆಲೆ ಸಮೇತ ತೋರಿಸುತ್ತದೆ. ಅಲ್ಲಿ ಕೊಳ್ಳದಿದ್ದರೂ ಜೆ.ಸಿ. ರಸ್ತೆಗೆ ಹೋಗುವ ಮುನ್ನ ಬೆಲೆ ನೋಡಿಕೊಂಡು ಹೋಗಬಹುದು. ಅಮೆಜಾನ್, ಫ್ಲಿಪ್‌ಕಾರ್ಟ್‌ನಲ್ಲಿ ಸ್ಟಾರ್ ನೋಡುವ ಮುಂಚೆ ಮಾರಾಟಗಾರರ ಹೆಸರು ನೋಡಿ. ಒಂದೇ ಪುಟದಲ್ಲಿ ಹತ್ತು ಮಾರಾಟಗಾರರಿರುತ್ತಾರೆ, ವಿಮರ್ಶೆ ಎಲ್ಲರಿಗೂ ಸೇರಿ ಒಂದೇ. ‘ಎಲ್ಲ ಮಾಡೆಲ್‌ಗೂ ಹೊಂದುತ್ತದೆ’ ಎಂದು ಬರೆದಿದ್ದರೆ ಯಾವುದಕ್ಕೂ ಸರಿಯಾಗಿ ಹೊಂದುವುದಿಲ್ಲ. ಪಾರ್ಸೆಲ್ ಒಡೆಯುವಾಗ ನಡುವೆ ನಿಲ್ಲಿಸದೆ ಒಂದೇ ವಿಡಿಯೊ ಮಾಡಿ, ಲೇಬಲ್‌ನಿಂದ ಶುರುವಾಗಿ ಪಾರ್ಟ್ ನಂಬರ್‌ವರೆಗೆ.

ಗಾಜು, ಬಂಪರ್, ಆಯಿಲ್ ಕ್ಯಾನ್ ಆನ್‌ಲೈನ್‌ನಲ್ಲಿ ತರಿಸುವುದರಲ್ಲಿ ಲಾಭವಿಲ್ಲ. ಸೆನ್ಸರ್, ಫಿಲ್ಟರ್, ಅಪರೂಪದ ಕ್ಲಿಪ್ಪುಗಳಿಗೆ ಚೆನ್ನಾಗಿದೆ.

ಮೊದಲು ಯಾವ ಟೂಲ್ಸ್ ಕೊಳ್ಳಬೇಕು?

150 ಪೀಸಿನ ಪ್ಲಾಸ್ಟಿಕ್ ಪೆಟ್ಟಿಗೆ ಕೊಳ್ಳಬೇಡಿ. ಅದರಲ್ಲಿ ಅರ್ಧ ಸ್ಕ್ರೂಡ್ರೈವರ್ ಬಿಟ್ಟುಗಳೇ, ಬೇಕಾದ 12ರ ಸಾಕೆಟ್ಟೇ ಮೊದಲು ಬಿರುಕು ಬಿಡುತ್ತದೆ. ಅದೇ ದುಡ್ಡಿನಲ್ಲಿ ಬಿಡಿಬಿಡಿಯಾಗಿ ಒಳ್ಳೆಯದು ಬರುತ್ತದೆ.

ಜಪಾನಿ ಮೂಲದ ಬೈಕು, ಸ್ಕೂಟರಿಗೆ 8, 10, 12, 14, 17 ಮಿ.ಮೀ. ಅಳತೆ ಇಷ್ಟೇ ಸಾಕು; ಹಿಂದಿನ ಆಕ್ಸಲ್‌ಗೆ 19, 22 ಅಥವಾ 24 ಬೇಕಾಗಬಹುದು. ಇವುಗಳಲ್ಲಿ ಒಂದು ಸೆಟ್ ರಿಂಗ್ ಸ್ಪ್ಯಾನರ್, 8-10-12ಕ್ಕೆ ಟಿ ಸ್ಪ್ಯಾನರ್, 4-5-6-8ರ ಅಲೆನ್ ಕೀ, ಒಂದು ಪ್ಲಗ್ ಸ್ಪ್ಯಾನರ್, ಒಂದು ಕಟಿಂಗ್ ಪ್ಲೇಯರ್. ಟಪಾರಿಯಾ, ಈಸ್ಟ್‌ಮನ್, ಗ್ರೋಝ್ ಇವೆಲ್ಲ ಎಸ್.ಜೆ.ಪಿ. ರಸ್ತೆಯಲ್ಲಿ ಸಿಗುತ್ತವೆ, ಎಂಆರ್‌ಪಿ ಮೇಲೆ ರಿಯಾಯಿತಿ ಕೇಳದೆ ಯಾರೂ ಕೊಳ್ಳುವುದಿಲ್ಲ. ಉಕ್ಕಿನ ಮೇಲೆ ಕ್ರೋಮ್ ವೆನೇಡಿಯಂ ಎಂದು ಅಚ್ಚಿರಲಿ.

ಸಾಕೆಟ್ ತೆಗೆದುಕೊಳ್ಳುವಾಗ ಒಳಗೆ ಆರು ಮೂಲೆಯದನ್ನೇ ಆರಿಸಿ. ಹನ್ನೆರಡು ಮೂಲೆಯದು ತುಕ್ಕು ಹಿಡಿದ ನಟ್ಟಿನ ಮೂಲೆಗಳನ್ನು ಸವೆಸಿ ಜಾರುತ್ತದೆ.

ಸ್ಕ್ರೂಡ್ರೈವರ್‌ನಲ್ಲಿ ಒಂದು ಸೂಕ್ಷ್ಮ ಇದೆ. ಜಪಾನಿ ಮೂಲದ ಬೈಕಿನ ಪ್ಲಸ್ ಸ್ಕ್ರೂಗಳು ಹೆಚ್ಚಾಗಿ ಜೆಐಎಸ್ (ಜಪಾನಿನ ಮಾನದಂಡ) ಮಾದರಿಯವು, ತಲೆಯ ಮೇಲೆ ಚಿಕ್ಕ ಚುಕ್ಕಿ ಇರುತ್ತದೆ. ಸಾಮಾನ್ಯ ಫಿಲಿಪ್ಸ್ ಡ್ರೈವರ್ ಅದರ ತಳದವರೆಗೆ ಕೂರದೆ ಮೇಲಕ್ಕೆ ಜಾರಿ, ತಲೆ ಸವೆದು ಬಟ್ಟಲಿನಂತಾಗುತ್ತದೆ. ಜೆಐಎಸ್ ಡ್ರೈವರ್ ಸಿಗದಿದ್ದರೆ ಸುತ್ತಿಗೆಯಿಂದ ಹೊಡೆದು ತಿರುಗಿಸುವ ಇಂಪ್ಯಾಕ್ಟ್ ಡ್ರೈವರ್ ಒಂದು ಇರಲಿ.

ಕಾರಿನ ಕೆಳಗೆ ಹೋಗುವವರು ಜಾಕಿನ ಜೊತೆ ಎರಡು ಜಾಕ್ ಸ್ಟ್ಯಾಂಡ್ ಕೊಳ್ಳಲೇಬೇಕು. ಹೈಡ್ರಾಲಿಕ್ ಜಾಕಿನ ಸೀಲ್ ಸೋತರೆ ಕಾರು ಹೇಳದೆ ಕೇಳದೆ ಕೆಳಗಿಳಿಯುತ್ತದೆ. ಸ್ಟ್ಯಾಂಡ್ ಬದಲು ಇಟ್ಟಿಗೆ, ಸಿಮೆಂಟ್ ಬ್ಲಾಕ್ ಇಡಬೇಡಿ, ಒಂದೇ ಜಾಗದಲ್ಲಿ ಭಾರ ಬಿದ್ದರೆ ಪುಡಿಯಾಗುತ್ತವೆ.

ಟಾರ್ಕ್ ರೆಂಚ್ ನಿಜವಾಗಿಯೂ ಬೇಕಾ?

ಹೇಳಿದಷ್ಟೇ ಬಲಕ್ಕೆ ಬಿಗಿಯಲು ಅಳತೆ ಇಟ್ಟುಕೊಳ್ಳುವ ರೆಂಚ್ ಅದು. ಚಕ್ರದ ನಟ್ಟು, ಡ್ರೇನ್ ಬೋಲ್ಟು ನೀವೇ ಬಿಗಿಯುವುದಾದರೆ ಬೇಕು. ಕಾರಿನ ಚಕ್ರದ ನಟ್ಟಿಗೆ ಸುಮಾರು 100 ನ್ಯೂಟನ್ ಮೀಟರ್, ಬೈಕಿನ ಡ್ರೇನ್ ಬೋಲ್ಟಿಗೆ ಹೆಚ್ಚಾಗಿ 20ರಿಂದ 30; ನಿಖರ ಅಂಕಿ ಮ್ಯಾನ್ಯುಯಲ್‌ನಲ್ಲಿ. ಎರಡಕ್ಕೂ ಒಂದೇ ರೆಂಚ್ ಸಾಲದು, ದೊಡ್ಡದು ತನ್ನ ಅಳತೆಯ ಕೆಳತುದಿಯಲ್ಲಿ ಸರಿಯಾಗಿ ಹೇಳುವುದಿಲ್ಲ. ಕೆಲಸವಾದ ಮೇಲೆ ಅಳತೆಯನ್ನು ಕನಿಷ್ಠಕ್ಕೆ ಇಳಿಸಿಡಿ, ಸ್ಪ್ರಿಂಗ್ ದಣಿಯುವುದಿಲ್ಲ. ಬಿಚ್ಚಲು ಅದನ್ನು ಬಳಸಬೇಡಿ.

ಭಾನುವಾರದ ಬಜಾರಿನಲ್ಲಿ ಟೂಲ್ಸ್ ಅಗ್ಗ ಅಂತಾರೆ, ನಿಜವಾ?

ಅಗ್ಗ ಹೌದು. ಬಿವಿಕೆ ಅಯ್ಯಂಗಾರ್ ರಸ್ತೆ, ಎಸ್.ಜೆ.ಪಿ. ರಸ್ತೆ ಆಸುಪಾಸು ಭಾನುವಾರ ಬೆಳಿಗ್ಗೆ ನೆಲದ ಮೇಲೆ ಹರಡುವ ಹಳೆ ಸಾಮಾನಿನಲ್ಲಿ ಹಳೆ ಕಾರ್ಖಾನೆಗಳ ರಿಂಗ್ ಸ್ಪ್ಯಾನರ್, ವೈಸು, ಸುತ್ತಿಗೆ, ಫೈಲು ಸಿಗುತ್ತವೆ. ಕೈ ಉಪಕರಣಕ್ಕೆ ತೊಂದರೆಯಿಲ್ಲ: ಸ್ಪ್ಯಾನರ್‌ನ ಬಾಯಿಗೆ ಒಂದು ಹೊಸ ನಟ್ಟು ಹಾಕಿ ನೋಡಿ, ಅಲುಗಾಡಿದರೆ ಬಾಯಿ ಅಗಲಿದೆ. ನಟ್ಟುಗಳನ್ನು ಮನೆಯಿಂದಲೇ ಒಯ್ಯಿರಿ. ಡ್ರಿಲ್, ಗ್ರೈಂಡರ್ ಬೇಡ; ಕರೆಂಟ್ ಕೊಟ್ಟು ನೋಡಲು ಅಲ್ಲಿ ಜಾಗವಿಲ್ಲ.

ಪಾರ್ಟ್ ನಾವು ತಂದರೆ ಮೆಕ್ಯಾನಿಕ್ ಮುಖ ಸಿಂಡರಿಸುತ್ತಾರೆ. ಏನು ಮಾಡುವುದು?

ಅವರ ಕಡೆಯಿಂದಲೂ ನೋಡಿ. ಪಾರ್ಟ್ ಮೇಲಿನ ಅಂಗಡಿಯ ರಿಯಾಯಿತಿಯಲ್ಲಿ ಅವರ ಸಂಪಾದನೆಯ ಒಂದು ಪಾಲಿದೆ, ಅದಕ್ಕೇ ಲೇಬರ್ ಕಡಿಮೆ ಹೇಳಿರುತ್ತಾರೆ. ನೀವು ಪಾರ್ಟ್ ತಂದರೆ ಲೇಬರ್ ಸ್ವಲ್ಪ ಹೆಚ್ಚು ಕೊಡಲು ಒಪ್ಪಿಕೊಳ್ಳಿ, ಮೊದಲೇ ಮಾತಾಡಿ. ತಪ್ಪು ಪಾರ್ಟ್ ತಂದು ಗಾಡಿ ಬಿಚ್ಚಿಟ್ಟು ಎರಡು ದಿನ ಅವರ ಜಾಗ ಹಿಡಿದರೆ ಸಿಟ್ಟು ಬರುವುದು ಸಹಜ. ಏನೇನು ಬೇಕು ಎಂದು ಅವರಿಂದಲೇ ಚೀಟಿ ಬರೆಸಿಕೊಂಡು ಹೋಗಿ. ಗ್ಯಾಸ್ಕೆಟ್, ಓ ರಿಂಗ್, ಸರ್ಕ್ಲಿಪ್ ಮರೆಯುವುದೇ ಹೆಚ್ಚು.

ಬಿಲ್ಲು, ಜಿಎಸ್‌ಟಿ, ವಾಪಸ್ ಕೊಡುವುದು?

2025ರ ಸೆಪ್ಟೆಂಬರ್ 22ರಿಂದ ಎಲ್ಲ ಗಾಡಿ ಪಾರ್ಟ್‌ಗೂ ಜಿಎಸ್‌ಟಿ 18%. ಅದಕ್ಕೆ ಮುಂಚೆ ಹಲವಕ್ಕೆ 28% ಇತ್ತು. ಹಳೆ ಸ್ಟಾಕಿನ ಡಬ್ಬಿ ಮೇಲೆ 28% ಸೇರಿದ ಎಂಆರ್‌ಪಿ 1,280 ರೂಪಾಯಿ ಇದ್ದರೆ ಈಗಿನ ಲೆಕ್ಕಕ್ಕೆ 1,180 ಆಗಬೇಕು. ‘ಎಂಆರ್‌ಪಿ ಪ್ಲಸ್ ಜಿಎಸ್‌ಟಿ’ ಅನ್ನುವುದು ಇಲ್ಲವೇ ಇಲ್ಲ, ಎಂಆರ್‌ಪಿಯಲ್ಲಿ ಎಲ್ಲ ತೆರಿಗೆ ಸೇರಿರುತ್ತದೆ.

ಕರ್ನಾಟಕದ ಅಂಗಡಿಯ ಜಿಎಸ್‌ಟಿ ನಂಬರ್ 29ರಿಂದ ಶುರುವಾಗುತ್ತದೆ, ಜಿಎಸ್‌ಟಿ ಪೋರ್ಟಲ್‌ನಲ್ಲಿ ಹಾಕಿದರೆ ಅಂಗಡಿಯ ಹೆಸರು ಬರಬೇಕು. ಬಿಲ್ಲಿನಲ್ಲಿ ‘ಸ್ಪೇರ್ಸ್’ ಎಂದಷ್ಟೇ ಬರೆಯದೆ ಪಾರ್ಟ್ ನಂಬರ್ ಬರೆಸಿ. ವಾರಂಟಿಗೆ, ದೂರಿಗೆ ಎರಡಕ್ಕೂ ಬೇಕಾಗುವುದು ಅದೇ.

ಎಲೆಕ್ಟ್ರಿಕಲ್ ಐಟಂ ವಾಪಸ್ ಇಲ್ಲ ಎಂಬ ಬೋರ್ಡ್ ಎಲ್ಲ ಕಡೆ ಇರುತ್ತದೆ. ವೈರಿಂಗ್‌ನ ತಪ್ಪಿಗೆ ಹೊಸ ಸಿಡಿಐ (ಪ್ಲಗ್ಗಿಗೆ ಕಿಡಿ ಕೊಡಿಸುವ ಎಲೆಕ್ಟ್ರಾನಿಕ್ ಪೆಟ್ಟಿಗೆ), ರೆಗ್ಯುಲೇಟರ್ ಸುಟ್ಟುಕೊಂಡು ‘ಇದು ವರ್ಕ್ ಆಗ್ತಿಲ್ಲ’ ಅಂತ ತರುವವರು ಹೆಚ್ಚು, ಅದಕ್ಕೇ ಆ ನಿಯಮ. ಆದ್ದರಿಂದ ಬಲ್ಬು, ಹಾರ್ನು, ರಿಲೇ, ಫ್ಲ್ಯಾಷರ್ ಕೌಂಟರ್‌ನಲ್ಲೇ ಬ್ಯಾಟರಿಗೆ ಕೊಟ್ಟು ನೋಡಿ. ಉಳಿದದ್ದನ್ನು ಆಯಿಲ್ ತಾಗಿಸದೆ, ಡಬ್ಬಿ ಹರಿಯದೆ ತಂದರೆ ಬದಲಿಸಿಕೊಡುತ್ತಾರೆ. ನಗದು ವಾಪಸ್ ನಿರೀಕ್ಷಿಸಬೇಡಿ.

ಡೂಪ್ಲಿಕೇಟ್ ಕೊಟ್ಟು ಒಪ್ಪದಿದ್ದರೆ ರಾಷ್ಟ್ರೀಯ ಗ್ರಾಹಕ ಸಹಾಯವಾಣಿ 1915ಕ್ಕೆ ಕರೆ ಮಾಡಿ. ಅದರ ಮೇಲೂ ಬಗೆಹರಿಯದಿದ್ದರೆ ಜಿಲ್ಲಾ ಗ್ರಾಹಕ ಆಯೋಗ. 5 ಲಕ್ಷದವರೆಗಿನ ವ್ಯವಹಾರಕ್ಕೆ ಶುಲ್ಕವಿಲ್ಲ.

ಬೆಂಗಳೂರಿನ ಹೊರಗಿರುವವರು?

ಜಿಲ್ಲಾ ಕೇಂದ್ರದ ಸ್ಪೇರ್ಸ್ ಅಂಗಡಿಯವರಿಗೆ ಪಾರ್ಟ್ ನಂಬರ್ ವಾಟ್ಸಾಪ್ ಮಾಡಿದರೆ ಜೆ.ಸಿ. ರಸ್ತೆಯಿಂದ ಬಸ್ ಪಾರ್ಸೆಲ್‌ನಲ್ಲಿ ತರಿಸಿಕೊಡುತ್ತಾರೆ. ತಾಲ್ಲೂಕಿನಲ್ಲಿ ಟ್ರ್ಯಾಕ್ಟರ್ ಪಾರ್ಟ್ ಮಾರುವವರ ಹತ್ತಿರ ಬೇರಿಂಗ್, ಸೀಲ್, ಹೈಟೆನ್ಸೈಲ್ ಬೋಲ್ಟ್ ಚೆನ್ನಾಗಿಯೇ ಸಿಗುತ್ತದೆ, ಆ ಅಂಗಡಿಯನ್ನು ಬೈಕಿನವರು ಮರೆತುಬಿಡುತ್ತಾರೆ. ಚೆನ್ನೈಯಲ್ಲಿರುವ ಕನ್ನಡಿಗರಿಗೆ ಪುದುಪೇಟೆ, ಮುಂಬೈಯವರಿಗೆ ಕುರ್ಲಾದ ಸಿಎಸ್‌ಟಿ ರಸ್ತೆ, ದೆಹಲಿಯವರಿಗೆ ಹೊಸದಕ್ಕೆ ಕಾಶ್ಮೀರಿ ಗೇಟ್.

ಹಳೆ ಪಾರ್ಟ್, ಖಾಲಿ ಡಬ್ಬಿ ಏನು ಮಾಡುವುದು?

ಬಿಚ್ಚಿದ ಹಳೆ ಪಾರ್ಟನ್ನು ಗ್ಯಾರೇಜಿನಿಂದ ಕೇಳಿ ತನ್ನಿ, ಬದಲಿಸಿದ್ದಕ್ಕೆ ಅದೇ ಸಾಕ್ಷಿ. ಆಯಿಲ್‌ನ ಖಾಲಿ ಕ್ಯಾನಿಗೆ ಸ್ಕ್ರೂಡ್ರೈವರ್‌ನಿಂದ ತಳದಲ್ಲೊಂದು ತೂತು ಹೊಡೆದೇ ಗುಜರಿಗೆ ಹಾಕಿ. ಜೆನ್ಯುಯಿನ್ ಪಾರ್ಟಿನ ರಟ್ಟಿನ ಡಬ್ಬಿಯನ್ನು ಹೋಲೋಗ್ರಾಂ ಇರುವ ಜಾಗದಲ್ಲಿ ಅಡ್ಡ ಹರಿಯಿರಿ. ತೂತಿಲ್ಲದ ಕ್ಯಾನ್, ಹರಿಯದ ಡಬ್ಬಿ ಎರಡಕ್ಕೂ ಕೊಳ್ಳುವವರಿದ್ದಾರೆ, ಅವು ಒಳಗೆ ಬೇರೆ ಮಾಲು ತುಂಬಿಕೊಂಡು ಮತ್ತೆ ಅಂಗಡಿಗೇ ಬರುತ್ತವೆ.